ಇನ್ನೆಷ್ಟು ದಿನ, ಅಮ್ಮಾ?

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸಿಟ್ಟು ಬಂದರೆ ನಿಮ್ಮ ಅಪ್ಪ ವಾರಗಟ್ಟಲೆ ಮಾತು ಬಿಡುತ್ತಿದ್ದರು. ನಾನಂತೂ ಹಾಗಾಗಲ್ಲ ಎಂದುಕೊಂಡೇ ನೀವು ಬೆಳೆದಿರಿ. ಮೊನ್ನೆ ಒಂದು ಲೋಟ ಒಡೆದದ್ದಕ್ಕೆ ಎಂಟು ವರ್ಷದ ಮಗಳ ಜೊತೆ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಬಾಗಿಲ ಸಂದಿಯಿಂದ ಚೀಟಿ ಬಂತು: 'ಇನ್ನೆಷ್ಟು ದಿನ, ಅಮ್ಮಾ?'

ಆಮೇಲೆ ಕೌನ್ಸೆಲರ್ ಹತ್ತಿರ ಹೋದಿರಿ. 'ಆದದ್ದನ್ನು ಒಪ್ಪಿಕೊಳ್ಳಿ' ಎಂದಾಗ ಮೈ ಉರಿಯಿತು. 'ಅಪ್ಪ ಮಾಡಿದ್ದು ಸರಿ ಅನ್ನಬೇಕಾ?' ಎಂದು ಕೇಳಿದ್ದೀರಿ.

ಖಂಡಿತ ಬೇಡ. ತಂಟೆ ಇರುವುದು 'ಒಪ್ಪು' ಎಂಬ ಮಾತಿನಲ್ಲೇ. 'ಅವನು ತಪ್ಪು ಒಪ್ಪಿಕೊಂಡ' ಎನ್ನುತ್ತೇವೆ. ಹಾಗೆಂದರೆ ತಪ್ಪು ಸರಿಯಾಯಿತು ಅಂತಲ್ಲ, ಅಲ್ವಾ? ನಡೆದದ್ದು ನಡೆದಿದೆ ಎಂದು ಹೇಳಿದ ಅಷ್ಟೇ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲೈನ್‌ಹ್ಯಾನ್ ತಮ್ಮ ಚಿಕಿತ್ಸೆಯಲ್ಲಿ ಕಲಿಸುವುದೂ ಈ ಅರ್ಥದ ಒಪ್ಪಿಗೆಯನ್ನೇ. ನಿಮ್ಮ ಮಟ್ಟಿಗೆ ಅದು ಇನ್ನೂ ಕಷ್ಟದ್ದು: ಅಪ್ಪ ಎಂದಾದರೂ ಬಂದು 'ತಪ್ಪಾಯ್ತು ಮಗಳೇ' ಅನ್ನುತ್ತಾರೆಂದು ಕಾಯುವುದನ್ನು ಬಿಡಬೇಕು. ಇದಕ್ಕೆ ಅಳು ಬರುತ್ತದೆ. ಬರಲಿ.

ಕೌನ್ಸೆಲರ್ ನಿಮ್ಮ ಕುಟುಂಬದ ಮೂರು ತಲೆಮಾರಿನ ನಕ್ಷೆ ಬರೆಯಲು ಹೇಳಿದ್ದು ನಿಮಗೆ ಶಾಲೆಯ ಹೋಮ್‌ವರ್ಕ್ ಅನ್ನಿಸಿದೆ. ಅದರ ಹೆಸರು ಜೀನೋಗ್ರಾಮ್. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಜಗಳಕ್ಕೆ ಅಂಕುಡೊಂಕು ಗೆರೆ, ಕಡಿದ ಸಂಬಂಧಕ್ಕೆ ನಡುವೆ ತುಂಡಾದ ಗೆರೆ. ಇದರ ಹಿಂದಿರುವುದು ಮನೋವೈದ್ಯ ಮರ್ರೆ ಬೊವೆನ್ ಅವರ ಆಲೋಚನೆ. 1950ರ ದಶಕದಲ್ಲಿ ಅವರು ರೋಗಿಯನ್ನಷ್ಟೇ ನೋಡದೆ ಇಡೀ ಕುಟುಂಬವನ್ನು ಗಮನಿಸಿದರು. ಮಾತು ಬಿಟ್ಟರೆ, ದೂರ ಹೋದರೆ ಸಂಬಂಧದ ಕಗ್ಗಂಟು ಬಿಚ್ಚುವುದಿಲ್ಲ, ಮುಂದಿನ ತಲೆಮಾರಿಗೆ ದಾಟುತ್ತದೆ ಎಂಬುದು ಅವರ ವಾದ.

ನಾನೂ ಒಮ್ಮೆ ಬರೆದಿದ್ದೆ. ನಮ್ಮಲ್ಲಿ ಮೂರು ತಲೆಮಾರಿನ ಹಿರಿಮಕ್ಕಳೂ ಜಗಳ ಬಿಡಿಸುವವರೇ. ನಾನು ಸಂಪಾದಕನಾದದ್ದು ಸುಮ್ನೆ ಅಲ್ಲ ಅಂತ ಆಗ ಗೊತ್ತಾಯಿತು!

ನಿಮ್ಮ ಪತ್ರದ ಅಂಚಿನಲ್ಲಿ ಒಂದು ಸಾಲಿದೆ: 'ಅಜ್ಜ ಸಾಯುವತನಕ ತಮ್ಮನ ಜೊತೆ ಮಾತಾಡಲಿಲ್ಲವಂತೆ.' ನಕ್ಷೆಯ ಮೊದಲ ತುಂಡು ಗೆರೆ ಅದೇ. ಅದನ್ನು ಎಳೆಯಿರಿ. ಆದರೆ ಆ ಹಾಳೆ ಅಜ್ಜನ ಮೇಲಿನ ದೂರುಪಟ್ಟಿ ಆಗದಿರಲಿ.

ಮತ್ತೆ ಸಿಟ್ಟು ಬಂದೇ ಬರುತ್ತದೆ. ಆಗ 'ಅಮ್ಮನಿಗೆ ಸಿಟ್ಟು ಬಂದಿದೆ, ಅರ್ಧ ಗಂಟೆ ಬಿಟ್ಟು ಮಾತಾಡ್ತೀನಿ' ಅನ್ನಿ. ಅರ್ಧ ಗಂಟೆಗೆ ಸರಿಯಾಗಿ ಹೋಗಿ ಮಾತಾಡಿ.

ಅಂದಹಾಗೆ, ಆ ಚೀಟಿಗೆ ಉತ್ತರ ಕೊಟ್ಟಿರಾ? ಪತ್ರದಲ್ಲಿ ಹೇಳಿಲ್ಲ.