ಅರಿವಳಿಕೆ ಡಾಕ್ಟರ್ ಆದರೆ ಏನಂತೆ?

ಪ್ರಶ್ನೆ: ಎಂಬಿಬಿಎಸ್ ಮುಗಿಸಿದ ಮಗಳು ಅನಸ್ತೇಶಿಯಾ (ಅರಿವಳಿಕೆ) ಓದುತ್ತಾಳಂತೆ. ‘ಇಂಜೆಕ್ಷನ್ ಕೊಟ್ಟು ಸುಮ್ನೆ ಕೂರುವ ಕೆಲಸ’ ಎಂದು ನೆಂಟರು ನಗುತ್ತಾರೆ. ಏನು ಮಾಡಲಿ?
– ಓದುಗರು, ಕಾಪು

ಉತ್ತರ: ನಗಲಿ ಬಿಡಿ. ಮಂಗಳೂರಿನಲ್ಲಿ ನಾನು ಇದೇ ಕೆಲಸ ಮಾಡುವವಳು. ನಿದ್ದೆ ಬರಿಸುವುದು ಸುಲಭ. ಉಸಿರು, ಬಿಪಿ, ಆಮ್ಲಜನಕ ಕಾಯ್ದುಕೊಂಡು ರೋಗಿಯನ್ನು ಎಬ್ಬಿಸುವುದೇ ಕಷ್ಟ. ಸಿಸೇರಿಯನ್‌ಗೆ ಹೆಚ್ಚಾಗಿ ಬೆನ್ನಿಗೆ ಸ್ಪೈನಲ್, ಅಂದರೆ ದೇಹದ ಕೆಳಭಾಗವನ್ನಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತೇವೆ. ತಾಯಿ ಎಚ್ಚರವಾಗಿಯೇ ಇರುತ್ತಾಳೆ, ಆದರೆ ಬಿಪಿ ಥಟ್ಟನೆ ಇಳಿಯಬಹುದು. ಆಗ ಔಷಧ ಕೈಯಲ್ಲೇ ಇರಬೇಕು.

ಆಪರೇಶನ್‌ಗೆ ಮೊದಲು ಕನಿಷ್ಠ 6 ಗಂಟೆ ಗಟ್ಟಿ ಆಹಾರ ಬೇಡ ಅಂದಿರುತ್ತೇವೆ. ಬೆಳಿಗ್ಗೆ ಕೇಳಿದರೆ, ‘ಎರಡೇ ನೀರುದೋಸೆ ಡಾಕ್ಟ್ರೇ’ ಅನ್ನುತ್ತಾರೆ! ಮತ್ತೆ ಮುಂದೂಡಲೇಬೇಕು. ಮತ್ತಿನಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ ಅಲ್ವಾ?

ನೀಟ್ ಪಿಜಿ ಪ್ರವೇಶ ಪರೀಕ್ಷೆ ಬರೆದು ಎಂಡಿ (ಸ್ನಾತಕೋತ್ತರ ಪದವಿ) ಸೇರಿದರೆ 3 ವರ್ಷ. ಆಮೇಲೆ ಐಸಿಯು, ನೋವಿನ ಚಿಕಿತ್ಸೆ ಕಡೆಗೂ ಹೋಗಬಹುದು. ರಾತ್ರಿ ಕರೆ ಜಾಸ್ತಿ. ಪೇಟೆಯಲ್ಲಿ ಸ್ವಂತ ಕ್ಲಿನಿಕ್ ಬೋರ್ಡ್ ಹಾಕುವ ಆಸೆ ಅವಳಿಗಿದ್ದರೆ ಮಾತ್ರ ಇನ್ನೊಮ್ಮೆ ಯೋಚಿಸಲಿ. ಹಾಗೇನೂ ಇಲ್ಲವಾದರೆ ತಡೆಯಬೇಡಿ.