ಹಳೇ ಕಾರು ಸ್ಟಾರ್ಟ್ ಆಗಿ ಎರಡೇ ಸೆಕೆಂಡಿಗೆ ಆಫ್ ಆಗುತ್ತೆ, ಕೀ ಚಿತ್ರದ ದೀಪ ಮಿನುಗುತ್ತೆ. ತುಮಕೂರಿನಲ್ಲಿ ಕಾರಿನೊಳಗಿನ ಇಂಧನ ಪಂಪ್ ಬದಲಿಸಿದರೂ ಸರಿಹೋಗಲಿಲ್ಲ. ಯಾಕೆ?

ಕಾರು ನಿಮ್ಮ ಕೀಯನ್ನು ಗುರುತಿಸುತ್ತಿಲ್ಲ. ಪಾಪ, ಪಂಪ್‌ನದೇನೂ ತಪ್ಪಿರಲಿಲ್ಲ ಅನಿಸುತ್ತೆ.

ಕೀಯ ಪ್ಲಾಸ್ಟಿಕ್ ತಲೆಯೊಳಗೆ ಪುಟ್ಟ ಚಿಪ್ ಇರುತ್ತದೆ. ಕೀ ತೂರಿಸುವ ಜಾಗದ ಸುತ್ತ ತಾಮ್ರದ ತಂತಿಯ ಸುರುಳಿ ಇದೆ. ಇಗ್ನಿಷನ್ ಆನ್ ಮಾಡಿದಾಗ ಚಿಪ್‌ಗೆ ಆ ಸುರುಳಿಯಿಂದಲೇ ಶಕ್ತಿ ಸಿಗುತ್ತದೆ, ಅದು ತನ್ನ ಕೋಡ್ ಕಳಿಸುತ್ತದೆ. ಕೋಡ್ ತಲುಪದಿದ್ದರೆ ಕಾರಿನ ಕಂಪ್ಯೂಟರ್ ಇಂಧನ ನಿಲ್ಲಿಸಿಬಿಡುತ್ತದೆ. ಇದೇ ಇಮೊಬಿಲೈಸರ್. ಮಾಲೀಕರು ಯಾರು, ಕಳ್ಳ ಯಾರು ಅಂತ ಅದಕ್ಕೆ ಗೊತ್ತಾಗಲ್ಲ. ಕೋಡ್ ಬಂತಾ ಇಲ್ವಾ, ಅಷ್ಟೇ ಲೆಕ್ಕ.

ಹಳೇ ಕಾರುಗಳಲ್ಲಿ ಸುರುಳಿಯ ಕನೆಕ್ಟರ್ ಸಡಿಲವಾಗುತ್ತದೆ, ಬೆಸುಗೆ ಬಿರುಕು ಬಿಡುತ್ತದೆ. ಬಿಸಿಲಲ್ಲಿ ನಿಲ್ಲಿಸಿದಾಗ ಸಂಪರ್ಕ ತಪ್ಪಿ, ತಣ್ಣಗಾದ ಮೇಲೆ ಮತ್ತೆ ಕೂಡಿಕೊಳ್ಳಬಹುದು. ಗ್ಯಾರೇಜಿಗೆ ಒಯ್ದಾಗ ಮಾತ್ರ ಸಲೀಸಾಗಿ ಸ್ಟಾರ್ಟ್ ಆಗೋದು ಇದಕ್ಕೇ. ತಲೆ ಕೆಡುತ್ತೆ, ಅಲ್ವಾ?

ಮೊದಲು ಸ್ಪೇರ್ ಕೀ ಹಾಕಿ ನೋಡಿ. ಅದರಲ್ಲಿ ಪ್ರತಿ ಸಲವೂ ಓಡಿದರೆ ಹಳೇ ಕೀಯ ಚಿಪ್ ಹೋಗಿರಬಹುದು. ರಿಮೋಟ್‌ನ ಸೆಲ್ ಬದಲಿಸಿ ಪ್ರಯೋಜನವಿಲ್ಲ, ಸಾಮಾನ್ಯವಾಗಿ ಈ ಚಿಪ್‌ಗೆ ಸೆಲ್ ಬೇಕಾಗಿಲ್ಲ. ಎರಡೂ ಕೀ ಕೆಲಸ ಮಾಡದಿದ್ದರೆ ಸುರುಳಿ, ಅದರ ವೈರು ಮತ್ತು ಕಾರಿನ ಬ್ಯಾಟರಿ ಪರೀಕ್ಷಿಸಿ. ಹೊಸ ಕೀ ಮಾಡಿಸಿದರೆ ಬರೀ ಹಲ್ಲು ಕೊರೆದರೆ ಸಾಲದು, ಚಿಪ್ಪನ್ನು ಕಾರಿಗೆ ಪರಿಚಯಿಸಲೂಬೇಕು.

ಹೊರಗಿನ ಅಂಗಡಿಯಲ್ಲಿ ಕಳ್ಳರ ಎಚ್ಚರಿಕೆಯ ಸೈರನ್ ಹಾಕಿಸಿದ್ದರೆ ಅದರ ವೈರಿಂಗ್ ಮೇಲೂ ಅನುಮಾನ ಇರಲಿ. ಸ್ಟೀರಿಂಗ್ ಕೆಳಗೆ ಟೇಪ್ ಸುತ್ತಿದ ಜೋಡಣೆಗಳನ್ನು ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್‌ಗೆ ತೋರಿಸಿ.