ಖೋವಾದಾಗಿನ ಬ್ಯಾಸಿಲಸ್‌ಗೆ 16ಎಸ್ ಸಾಕೋ, ಹೋಲ್ ಜೀನೋಮೇ ಬೇಕೋ?

ಖೋವಾದಾಗ ಸಿಕ್ಕ ಬ್ಯಾಸಿಲಸ್ ಬ್ಯಾಕ್ಟೀರಿಯಾದ ಹೆಸರು ಹಿಡಿಯಾಕ 16ಎಸ್ (ಬ್ಯಾಕ್ಟೀರಿಯಾ ಗುರುತಿಸಾಕ ಓದೋ ಒಂದು ಜೀನ್) ಸಾಕೋ, ಹೋಲ್ ಜೀನೋಮ್ (ಅದರ ಪೂರ್ತಿ ಡಿಎನ್‌ಎ) ಓದಿಸಬೇಕೋ ಅಂತ ನೀವು ಕೇಳಿದ್ದು ಓದಿ ಮೊದಲ ನಗು ಬಂತ್ರಿ, ಆಮ್ಯಾಲ ಹೊಟ್ಟಿ ಉರೀತು. ಇದ ಖೋವಾ, ಇದ ಬ್ಯಾಸಿಲಸ್, ನಾನೂ ಎಂಎಸ್ಸಿ ಪ್ರಾಜೆಕ್ಟಿಗೆ ಬೆಳಗಾವ್ಯಾಗ ಕುಂದಾ (ಖೋವಾದ ಸಿಹಿ) ಹಿಡ್ಕೊಂಡು ಕುಂತಿದ್ದೆ.

ಐದಾರು ಅಂಗಡಿ ಕುಂದಾ ತಂದು (ಅರ್ಧ ನಾವ ತಿಂದ್ವಿ) ಎಂವೈಪಿ ಅಗಾರ್ (ಇಂಥ ಬ್ಯಾಸಿಲಸ್ ಬೆಳೆಸಿ ಗುರುತಿಸೋ ಜೆಲ್ಲಿ) ಮ್ಯಾಲ ಹಚ್ಚಿದ್ರ ಗುಲಾಬಿ ಕಾಲನಿ, ಸುತ್ತ ಬೆಳ್ಳನ ಉಂಗುರ, ಬ್ಯಾಸಿಲಸ್ ಸೀರಿಯಸ್ (ವಾಂತಿ-ಭೇದಿ ತರೋ ಜಾತಿ) ಸಿಕ್ತು ಅಂತ ಕುಣದಾಡಿದ್ದ ಕುಣದಾಡಿದ್ದು. 12 ಐಸೋಲೇಟ್ (ಬ್ಯಾರೆ ಬ್ಯಾರೆ ಮಾಡಿ ಬೆಳೆಸಿದ ಕಾಲನಿ) ಡಿಎನ್‌ಎ ತಗದು, ಪಿಸಿಆರ್ (ಬೇಕಾದ ಜೀನಿನ ಲಕ್ಷಗಟ್ಟಲೆ ನಕಲು ತಗಿಯೋದು) ಮಾಡಿ, ಸ್ಕಾಲರ್‌ಶಿಪ್ ರೊಕ್ಕ ಅಷ್ಟೂ ಸುರದು 16ಎಸ್ ಸೀಕ್ವೆನ್ಸಿಂಗಿಗೆ (ಅದರ ಡಿಎನ್‌ಎ ಅಕ್ಷರ ಓದಿಸಾಕ) ಹೊರಗ ಕಳಿಸಿದೆ.

ರಿಪೋರ್ಟ್ ಬಂದ ರಾತ್ರಿ, ಡಿಎನ್‌ಎ ಅಕ್ಷರ ಹೋಲಿಸಿ ಹೆಸರು ತೋರಿಸೋ ಆನ್‌ಲೈನ್ ಹತಾರ ಬ್ಲಾಸ್ಟ್‌ನ್ಯಾಗ ಹಾಕಿದ್ರ ಮ್ಯಾಲಿನ ಸಾಲಿನ್ಯಾಗ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ (ಬಿಟಿ), 100ಕ್ಕ 100 ಹೊಂದಾಣಿಕಿ. ಬರಕೊಂಡು ಮಲಗಿದೆ. ಕೆಳಗ ಸ್ಕ್ರೋಲ್ ಮಾಡ್ಲಿಲ್ಲ ನೋಡ್ರಿ, ಅಷ್ಟ ನನ್ನ ತಪ್ಪು. ಮಾಡಿದ್ರ ಸೀರಿಯಸ್‌ಗೂ ಅದ 100 ಇತ್ತು, ಆಂಥ್ರಾಕ್ಸ್ ತರೋ ಆಂಥ್ರಾಸಿಸ್‌ಗೂ ಹೆಚ್ಚುಕಡಿಮಿ ಅಷ್ಟ. ಸುಮಾರು 1500 ಅಕ್ಷರದ ಈ ಜೀನ್ ಆ ಮೂರರಾಗೂ ಒಂದ ನಮೂನಿ ಐತಿ, ಮಾರ್ಕ್ಸ್ ಸರಿಸಮ ಬಿದ್ದಾಗ ಯಾರ ಹೆಸರು ಮ್ಯಾಲ ಕುಂತೈತಿ ಅನ್ನೋದಕ್ಕ ಕಿಮ್ಮತ್ತ ಇಲ್ಲ, ಹಾಜರಿ ಪುಸ್ತಕದಾಗ ಮೊದಲನೇ ಹೆಸರಿದ್ದವ ಶ್ಯಾಣ್ಯಾ ಅಂದಂಗ. ಇ. ಕೋಲಿ, ಶಿಗೆಲ್ಲಾ ಅನ್ನೋ ಬ್ಯಾಕ್ಟೀರಿಯಾಗಳ ಕಥಿನೂ ಹಿಂಗ ಐತಿ.

ವೈವಾಕ್ಕ ಬಂದ ಎಕ್ಸಾಮಿನರ್ರು ಕೇಳಿದ್ರು, "ಏನವಾ, ಹೊಲಕ್ಕ ಹೊಡಿಯೋ ಬಿಟಿ ಔಷಧ ಕುಂದಾದಾಗ ಹೆಂಗ ಬಂತು? ಕ್ರಿಸ್ಟಲ್ ನೋಡಿಯೇನು?" ಥುರಿಂಜಿಯೆನ್ಸಿಸ್ ಸ್ಪೋರ್ (ಗಟ್ಟಿ ಬೀಜಕ) ಕಟ್ಟುವಾಗ ಬಾಜೂಕ ಪ್ರೋಟೀನ್ ಹರಳು ಕಟ್ಟತೈತಿ, ಮೂರ್ನಾಕು ದಿನ ಹಳೇ ಪ್ಲೇಟಿಂದ ಸ್ಟೇನ್ ಮಾಡಿ (ಬಣ್ಣ ಹಚ್ಚಿ) ನೋಡಿದ್ರ ಕಾಣತೈತಿ. ಮೈಕ್ರೋಸ್ಕೋಪ್ ನನ್ನ ಟೇಬಲ್ ಮ್ಯಾಲ ಪುಕ್ಕಟ ಇತ್ರಿ! ನನ್ನ ಪ್ರಾಜೆಕ್ಟ್ ಆರು ತಿಂಗಳು ಮುಂದಕ್ಕ ಹೋತು.

ಹಿಂಗಾಗಿ ಹೋಲ್ ಜೀನೋಮ್ ಗೀನೋಮ್ ಅಂತ ರೊಕ್ಕ ಸುರೀಬ್ಯಾಡ್ರಿ, ನಿಮ್ಮ ಪ್ರಶ್ನಿನ ಸರಿ ಇಲ್ಲ ಅಂತೀನಿ ನಾನು. ಖೋವಾ ತಿನ್ನಾವಗ ಸ್ಪೀಶಿಸ್ ಹೆಸರು ತಗೊಂಡೇನು ಮಾಡೂದೈತಿ, ವಿಷದ ಜೀನ್ ಐತೋ ಇಲ್ಲೋ ಅದು ಬೇಕು. ವಾಂತಿ ತರೋ ಸೀರಿಯುಲೈಡ್‌ಗೆ ಸೆಸ್ ಜೀನ್ (ಈ ವಿಷ ಮತ್ತ ಕುದಿಸಿದ್ರೂ ಹೋಗಂಗಿಲ್ಲ), ಭೇದಿ ಟಾಕ್ಸಿನ್‌ಗೆ ಎನ್‌ಎಚ್‌ಇ, ಎಚ್‌ಬಿಎಲ್ ಜೀನ್. ಪ್ರೈಮರ್ (ಆ ಜೀನ್ ಹಿಡಿಯೋ ಡಿಎನ್‌ಎ ತುಣುಕು) ತರಿಸಿ ನಿಮ್ಮ ಲ್ಯಾಬಿನ್ಯಾಗ ಪಿಸಿಆರ್ ಮಾಡ್ರಿ, ನೆಗೆಟಿವ್ ಕಂಟ್ರೋಲ್ (ಡಿಎನ್‌ಎ ಹಾಕದ ಟ್ಯೂಬ್) ಮಾತ್ರ ಬಿಡಬ್ಯಾಡ್ರಿ. ನಿಮ್ಮ ಗೈಡು ಸ್ಪೀಶಿಸ್ ಹೆಸರು ಬೇಕ ಬೇಕು ಅಂತ ಹಟ ಹಿಡದ್ರ ಜೈರ್‌ಬಿ ಜೀನ್ 16ಎಸ್‌ಕಿಂತ ಚಲೋ, ಜೋಡಿಗೆ ಆ ಕ್ರಿಸ್ಟಲ್ ನೋಡ್ರಿ. ಅದೂ ಆಗ್ಲಿಲ್ಲಂದ್ರ "ಬ್ಯಾಸಿಲಸ್ ಸೀರಿಯಸ್ ಗ್ರೂಪ್" ಅಂತ ಬರೀರಿ, ನಾನೂ ಕಡೀಕ ಹಂಗ ಬರದ ಪಾಸಾಗಿದ್ದು.